ವರ್ನಾಗೆ ಹೊದಿಸಿದ ಶಾಲು

ಅಕ್ಟೋಬರ್ 8, 2024, ಮಂಗಳವಾರ. ಬೆಳಿಗ್ಗೆ

ವಾಕಿಂಗ್ ಆಯಿತು. ನಮ್ಮ ಈ ಮಾರ್ಗನ್ ಹಿಲ್ ಊರಿಗೆ ಕೊನೆಗೂ ಸ್ವಲ್ಪ ಚಳಿ ಬಂತು. ಇವರಿನ್ನೂ ಎದ್ದಿಲ್ಲ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಪಕ್ಕದ ಮನೆಯ ವರ್ನಾ ಬೇಲಿಯ ಮೇಲಿಂದ ನಿಂಬೆಹಣ್ಣು ಕೊಟ್ಟಳು. ನಾನು ಕಾಫಿ ಕೊಟ್ಟೆ. ಎಂದಿನಂತೆ.

ಇವತ್ತು ಹೊಸದೊಂದು ಕೇಳಿದಳು. (ಅವಳ ಇಂಗ್ಲಿಷು ನನ್ನ ಕೈಗೆ ಬಂದರೆ ಕನ್ನಡವಾಗುತ್ತದೆ, ಇರಲಿ.)

"ಸತ್ಯಾ, ನೀನು ನಾಟಕದೋಳಲ್ವಾ? ನಾಳೆ ಒಂದು ಸೆಲ್ಫ್-ಟೇಪ್ ಕಳಿಸ್ಬೇಕು. ಎದುರು ಪಾತ್ರ ಓದ್ತೀಯಾ?"

ಸೆಲ್ಫ್-ಟೇಪ್ ಎಂದರೆ ಮನೆಯಲ್ಲೇ ಫೋನಿನಲ್ಲಿ ಶೂಟ್ ಮಾಡಿ ಕಳಿಸುವ ಆಡಿಷನ್ನು. ಮೂರು ವರ್ಷದ ಹಿಂದೆ ಈ ದೇಶದ ದೊಡ್ಡ ಸಿನಿಮಾ ಪ್ರಶಸ್ತಿ ಗೆದ್ದವಳು ಇವಳು. ಪ್ರಶಸ್ತಿ ಅಡುಗೆಮನೆ ಕಿಟಕಿಯಲ್ಲಿ, ಪಾತ್ರೆ ಸೋಪಿನ ಪಕ್ಕ ನಿಂತಿದೆ. ಇವಳಿಗೂ ಆಡಿಷನ್ನಾ? ಕೇಳಿಯೇಬಿಟ್ಟೆ.

"ನನ್ ಜೊತೆ ಅದೇ ದಿನ ಇನ್ನೊಂದು ಪ್ರಶಸ್ತಿ ಗೆದ್ದ ಬಿಳಿ ನಟಿಗೆ ಬಂದ ಸ್ಕ್ರಿಪ್ಟಿಗೆಲ್ಲ ಬೇಡ ಅಂದೂ ಅಂದೂ ಸುಸ್ತಾಗಿದೆಯಂತೆ. ನಮ್ಮಂಥ ಬ್ಲ್ಯಾಕ್ ನಟೀರಿಗೆ ಮಾತ್ರ ಪ್ರಶಸ್ತಿ ಅಂದ್ರೆ ಕೊನೇ ಸ್ಟಾಪು. ಗೆದ್ದಿದ್ದು ನರ್ಸ್ ಪಾತ್ರಕ್ಕೆ. ಆಮೇಲೆ ಏನ್ ಬಂತು ಹೇಳು? ನರ್ಸು, ಜಡ್ಜು, ಸತ್ತ ಹುಡುಗನ ತಾಯಿ. ಮತ್ತೆ ಜಡ್ಜು."

ನಗುತ್ತಲೇ ಹೇಳಿದಳು. ಕಾಫಿ ಮಾತ್ರ ಅರ್ಧ ಬಿಟ್ಟಳು.

ಅಕ್ಟೋಬರ್ 9, ಬುಧವಾರ

ಟೇಪ್ ಆಯಿತು. ಪಾತ್ರ — ಸರಕು ಹಡಗಿನ ಕ್ಯಾಪ್ಟನ್. ನಾಯಕಿ. ಇಡೀ ಸಿನಿಮಾ ಅವಳದೇ. ಇಷ್ಟು ವರ್ಷದಲ್ಲಿ ಇಂಥದ್ದು ಬಂದಿರುವುದು ಇದೇ ಮೊದಲಂತೆ.

ನಾನು ಬಂದರಿನ ಆಫೀಸರು. ಕ್ಯಾಮೆರಾಗೆ ಕಾಣುವ ಹಾಗಿಲ್ಲ, ಬರೀ ದನಿ. ನಾನೋ ಮೈಸೂರಿನಲ್ಲಿ ಕೊನೇ ಸಾಲಿಗೆ ಕೇಳಿಸುವ ಹಾಗೆ ಮಾತಾಡಿ ಬೆಳೆದವಳು. ಶುರುಮಾಡಿದೆ ನೋಡು!

"ಸತ್ಯಾ… ಕ್ಯಾಮೆರಾ ನನ್ನ ಮೇಲಿದೆ, ತಾಯಿ."

ನಾಚಿಕೆಯಾಯಿತು. ಮೆಲ್ಲಗೆ ಓದಿದೆ. ಹಿಂದೆ ಪರದೆಗೆಂದು ಕಟ್ಟಿದ ಬೆಡ್‌ಶೀಟು ಎರಡು ಸಲ ಅವಳ ತಲೆ ಮೇಲೇ ಬಿತ್ತು. ಮೂರನೆಯ ಸಲ ನಿಂತಿತು. ಆಗ ಅವಳು ಕ್ಯಾಪ್ಟನ್ ಆದಳು. ನಿಂತ ನೆಲ ನನ್ನ ಕಾಲ ಕೆಳಗೆ ಸ್ವಲ್ಪ ಓಲಾಡಿದಂತಾಯಿತು. ನನ್ನ ಸಾಲು ಮರೆತೇಹೋಯಿತು.

ಮನೆಗೆ ಬಂದು ಇವರಿಗೆ ಹೇಳಿದ್ದೇ ತಪ್ಪಾಯಿತೇನೋ. ಈ ವರ್ಷ ಕನ್ನಡ ಕೂಟಕ್ಕೆ ಇವರೇ ಅಧ್ಯಕ್ಷರು. ಕಣ್ಣು ಅರಳಿತು.

"ಪಕ್ಕದ್ಮನೇಲೇ ಇದಾರೆ, ಇನ್ನೂ ಒಂದು ಸನ್ಮಾನ ಮಾಡಿಲ್ವಲ್ಲ ಸತ್ಯಾ! ರಾಜ್ಯೋತ್ಸವಕ್ಕೆ ಚೀಫ್ ಗೆಸ್ಟು ಅವರೇ."

ಅಕ್ಟೋಬರ್ 23, ಬುಧವಾರ

ಡೈರೆಕ್ಟರಿಗೆ ಟೇಪ್ ತುಂಬಾ ಹಿಡಿಸಿದೆ. ಹಣ ಹಾಕುವವರದ್ದೇ ಅನುಮಾನ. ಬ್ಲ್ಯಾಕ್ ನಾಯಕಿ ಎಂದರೆ ಓವರ್‌ಸೀಸ್‌ನಲ್ಲಿ ಯಾರೂ ನೋಡುವುದಿಲ್ಲವಂತೆ.

"ಓವರ್‌ಸೀಸ್ ಅಂದ್ರೆ ಯಾರು?" ಅಂದೆ.

"ಚೀನಾ, ಇಂಡಿಯಾ…"

"ಇಂಡಿಯಾ ಅಂದ್ರೆ ನಾನೇ ತಾನೇ? ನನ್ನನ್ನ ಯಾರೂ ಕೇಳ್ಲೇ ಇಲ್ವಲ್ಲ!"

ಬೇಲಿ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಸಿಟ್ಟು ಬಂತು.

ಆ ಹಣ ಹಾಕುವವರು ಕೊನೆಯದಾಗಿ ಅವಳಿಗೆ ಒಂದು ವಿಡಿಯೋ ಕಾಲ್ ಮಾಡುತ್ತಾರಂತೆ. ನವೆಂಬರ್ ಒಂಬತ್ತು, ಶನಿವಾರ, ನಾಲ್ಕೂವರೆ. ಮಾರನೆಯ ದಿನ ಅವರು ವಿಮಾನ ಹತ್ತುತ್ತಾರೆ, ಆದ್ದರಿಂದ ಬೇರೆ ದಿನ ಆಗುವುದಿಲ್ಲ. ನಮ್ಮ ರಾಜ್ಯೋತ್ಸವವೂ ಅವತ್ತೇ.

ಸನ್ಮಾನ ಬಿಡೋಣ ಎಂದರೆ ಅವಳೇ ಕೇಳಲಿಲ್ಲ. ಮಾತು ಕೊಟ್ಟಾಗಿದೆಯಂತೆ. ಇವರೂ ಮಾತು ಕೊಟ್ಟರು: "ಎರಡಕ್ಕೆ ಶುರು, ಮೂರಕ್ಕೆ ಮುಗೀತು. ಮೂರೂವರೆಗೆ ಅವರು ಮನೇಲಿರ್ತಾರೆ." ಕೂಟದ ಎರಡು ಗಂಟೆ ಎಂದರೇನೆಂದು ವರ್ನಾಗೆ ಗೊತ್ತಿಲ್ಲ. ನನಗೆ ಗೊತ್ತಿದೆ.

ನವೆಂಬರ್ 9, ಶನಿವಾರ. ಸಂಜೆ

ಮುಖದ ಮೇಕಪ್ಪು ಇನ್ನೂ ತೆಗೆದಿಲ್ಲ. ಮೊದಲು ಇದನ್ನು ಬರೆಯಬೇಕು.

ಶುರುವಾಗಿದ್ದೇ ಮೂರು ಕಳೆದ ಮೇಲೆ. ಮೈಕ್ ಇಲ್ಲ, ದೀಪ ಹಚ್ಚಲು ಬೆಂಕಿಪೊಟ್ಟಣ ಇಲ್ಲ — ಈ ಸಲವೂ! ಆಮೇಲೆ ನಾಡಗೀತೆ, ಮಕ್ಕಳ ಡ್ಯಾನ್ಸು. ಅಂತೂ ವರ್ನಾಗೆ ಮೈಸೂರು ಪೇಟ, ಗಂಧದ ಹಾರ, ಶಾಲು, ಫಲಕ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಆ ಬುಟ್ಟಿ ಇಟ್ಟರೆ ಮನುಷ್ಯರು ಏಳುವ ಹಾಗೇ ಇಲ್ಲ. ಇವರು "ಎರಡೇ ಮಾತು" ಎಂದು ಶುರುಮಾಡಿದರು. ಇವರು ಮುಗಿಸಿದರೆ ಸ್ಪಾನ್ಸರ್ ಕುಬೇರಪ್ಪನವರು. ಮನೆ ಮಾರಿಸುವ ಏಜೆಂಟು, ಮಾತಿಗೇನು ಬರ?

ನಾನು ಸೈಡ್ ವಿಂಗಿನಲ್ಲಿ, ಸನ್ಮಾನದ ನಂತರ ಆಡಬೇಕಿದ್ದ ನಮ್ಮ ನಾಟಕದ ಮೇಕಪ್ಪಿನಲ್ಲಿ. ನಾಲ್ಕು ದಾಟಿತ್ತು. ವರ್ನಾ ಜನರ ಕಡೆ ನಗುತ್ತಾಳೆ, ಕಣ್ಣು ನನ್ನ ಕಡೆ ಬರುತ್ತದೆ. ಇವರಿಗೆ ಸನ್ನೆ ಮಾಡಿದೆ. ಇವರು ಐದು ಬೆರಳು ತೋರಿಸಿದರು — ಐದು ನಿಮಿಷ. ಮದುವೆಯಾದಾಗಿನಿಂದ ಆ ಐದು ನಿಮಿಷ ನೋಡುತ್ತಿದ್ದೇನೆ.

ಅಷ್ಟರಲ್ಲಿ ಕುಬೇರಪ್ಪನವರು ತಮ್ಮ ಬಾಲ್ಯಕ್ಕೆ ಹೋದರು. ಅಲ್ಲಿಂದ ಅವರು ಬೇಗ ವಾಪಸು ಬರುವವರಲ್ಲ.

ಪರದೆಯ ಹಗ್ಗ ಶಶಿಧರನ ಕೈಲಿತ್ತು. ವಾರವೆಲ್ಲ ಚಿಪ್ ಡಿಸೈನು, ಶನಿವಾರ ನಮ್ಮ ಪರದೆ.

"ಶಶಿಧರ, ಎಳಿ."

"ಸತ್ಯಕ್ಕ, ಸರ್ ಮಾತಾಡ್ತಾ ಇದಾರೆ…"

"ಎಳಿ ಅಂದ್ನಲ್ಲ!"

ಎಳೆದ. ಕುಬೇರಪ್ಪನವರು ಮೈಕ್ ಸಮೇತ ಆಚೆ. ವರ್ನಾ, ಇವರು, ಬುಟ್ಟಿ ಈಚೆ.

"ಏನ್ ಮಾಡ್ದೆ ಸತ್ಯಾ! ಮರ್ಯಾದೆ ಹೋಯ್ತು!"

"ಅವಳ ಕೆಲಸ ಹೋಗತ್ತೆ ರೀ. ಬುಟ್ಟಿ ಹಿಡ್ಕೊಳ್ಳಿ."

ಹಿಡಿದುಕೊಂಡರು. ಪಾಪ.

ಗ್ರೀನ್ ರೂಮಿಗೆ ಓಡಿದೆವು. ಪೇಟ, ಹಾರ ತೆಗೆದಳು, ಶಾಲು ಮರೆತಳು. ಫೋನು ನಾನು ಹಿಡಿದೆ. ಸ್ಕ್ರೀನಿನಲ್ಲಿ ಮೂರು ಮುಖ. ಗೋಡೆಯಾಚೆ ಕುಬೇರಪ್ಪನವರು ಹೈಸ್ಕೂಲಿಗೆ ಬಂದಿದ್ದರು. ವರ್ನಾ ಕ್ಯಾಪ್ಟನ್ನಿನ ಮಾತು ಹೇಳಿದಳು. ನಾನು ಆಫೀಸರು, ಮೆಲ್ಲಗೆ. ಕೊನೆಗೆ ಒಬ್ಬ ಮತ್ತೆ ಅದೇ ಓವರ್‌ಸೀಸ್ ತೆಗೆದ. ಫೋನಿನೊಳಗೆ ತಲೆ ಹಾಕಿ ಬೈಯಬೇಕು ಅನ್ನಿಸಿತು. ಆದರೆ ಕ್ಯಾಮೆರಾ ಅವಳ ಮೇಲಿತ್ತು. ಬಾಯಿ ಮುಚ್ಚಿಕೊಂಡೆ.

"ಇವತ್ತು ಮುನ್ನೂರು ಜನ ಇಂಡಿಯನ್ನರು ನನ್ನನ್ನ ಬಿಡ್ತಾ ಇಲ್ಲ ಸರ್," ಅಂದಳು ವರ್ನಾ. ಅವರೂ ನಕ್ಕರು.

ಕೊಟ್ಟೇ ಕೊಡುತ್ತಾರೆ ಅನ್ನಿಸುತ್ತದೆ.

ನವೆಂಬರ್ 27, ಬುಧವಾರ

ಕೊಡಲಿಲ್ಲ.

ಬೇಲಿಯ ಹತ್ತಿರ ಹೇಳಿದಳು. ಕ್ಯಾಪ್ಟನ್ ಪಾತ್ರ ಒಬ್ಬ ಬಿಳಿ ನಟಿಗೆ ಹೋಯಿತು. ಅವಳ ಹೆಸರು ಹೊರದೇಶಗಳಲ್ಲಿ ಓಡುತ್ತದಂತೆ. ವರ್ನಾಗೆ ಅದೇ ಸಿನಿಮಾದಲ್ಲಿ ಬೇರೆ ಪಾತ್ರ, ಎರಡು ದಿನದ ಕೆಲಸ. ಯಾವುದು ಎಂದು ಕೇಳಲೇಬೇಕಾಗಿರಲಿಲ್ಲ. ಜಡ್ಜು. ನಿಮ್ಮಂಥ ದೊಡ್ಡ ಕಲಾವಿದೆ ಬಂದರೆ ನಮಗೆ ಗೌರವ ಎಂದು ಬಹಳ ವಿನಯದಿಂದ ಹೇಳಿದರಂತೆ.

ಬೇಡ ಅಂದಳಂತೆ.

ನಾನು ಅತ್ತೆ. ಅವಳೇ ನನ್ನ ಬೆನ್ನು ಸವರಿದಳು. ಏನು ಹೆಂಗಸೋ.

ಇವರು ಮಂಕಾಗಿದ್ದಾರೆ. "ನಾವು ಲೇಟ್ ಮಾಡಿದ್ದಕ್ಕಾ ಸತ್ಯಾ?" ಎಂದು ಎರಡು ಸಲ ಕೇಳಿದರು. ಅಲ್ಲ ರೀ, ಅಂದೆ. ಸಂಜೆಯೆಲ್ಲ ಯೋಚನೆ ಅದೇ. ಅಪ್ಪ ರಿಟೈರ್ ಆದ ದಿನವೂ ಹೀಗೇ ಶಾಲು, ಹಾರ, ಬುಟ್ಟಿ. ಮಾರನೆಯ ದಿನ ಆಫೀಸಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ಶಾಲು ಹೊದಿಸಿದರೆಂದರೆ ಇನ್ನು ಕೆಲಸ ಕೊಡುವುದಿಲ್ಲವೆಂದೇ ಅರ್ಥ. ನಮ್ಮಲ್ಲಷ್ಟೇ ಹೀಗೆ ಅಂದುಕೊಂಡಿದ್ದೆ.

ಡಿಸೆಂಬರ್ 5, ಗುರುವಾರ. ಬೆಳಿಗ್ಗೆ

ಹೊಸ ಸ್ಕ್ರಿಪ್ಟು. ಓಕ್ಲೆಂಡಿನ ಇಬ್ಬರು ಹೆಂಗಸರು ಸೇರಿ ತೆಗೆಯುತ್ತಿರುವ ಚಿಕ್ಕ ಸಿನಿಮಾ. ಅವರಿಗೆ ವರ್ನಾನೇ ಬೇಕು. ಆದರೂ ಹಣ ಕೊಡುವವರಿಗೆ ತೋರಿಸಲು ಒಂದು ಟೇಪು ಬೇಕಂತೆ. ಕಥೆ ಪೂರ್ತಿ ಕೋರ್ಟಿನಲ್ಲಿ ನಡೆಯುತ್ತದೆ. "ಮತ್ತೆ ಜಡ್ಜಾ?" ಅಂದೆ.

"ಅಲ್ಲ ಸತ್ಯಾ, ಈ ಸಲ ಕಟಕಟೆಯಲ್ಲಿ ನಾನು. ಲಾಯರನ್ನ ಓಡಿಸಿ ನನ್ನ ಕೇಸು ನಾನೇ ವಾದಿಸ್ತೀನಿ. ಮೊದಲಿಂದ ಕೊನೇವರೆಗೂ ನಂದೇ ಮಾತು." ಇಷ್ಟು ದಿನದಲ್ಲಿ ಕಾಫಿ ಪೂರ್ತಿ ಕುಡಿದದ್ದು ಇವತ್ತು.

ಬೆಡ್‌ಶೀಟು ಬೇಡ, ಬೇರೆ ಸಿಕ್ಕಿದೆ ಅಂದಳು. ಹೋಗಿ ನೋಡಿದರೆ — ನಮ್ಮ ಶಾಲು! ಜರಿ ಇರುವ ಕಡೆ ಗೋಡೆಗೆ, ಸಾದಾ ಮೆರೂನ್ ಬಣ್ಣದ ಕಡೆ ಈಚೆಗೆ. ಸುಕ್ಕಿಲ್ಲ, ಹೊಳಪಿಲ್ಲ, ಕ್ಯಾಮೆರಾಗೆ ಹೇಳಿ ಮಾಡಿಸಿದ ಹಾಗಿದೆ. ಬೇಜಾರಾಯ್ತಾ ಎಂದು ಕೇಳಿದಳು. ಬೇಜಾರೇ? ಕೂಟ ಹೊದಿಸಿದ ಇಷ್ಟೊಂದು ಶಾಲುಗಳಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ.

ಇವರಿಗೆ ಹೇಳಿದೆ. ಓದುತ್ತಿದ್ದ ಪೇಪರ್ ಮಡಿಸಿಟ್ಟರು. ಆಮೇಲೆ ಗ್ಯಾರೇಜಿನಿಂದ ಸುತ್ತಿಗೆ, ಸ್ಟೂಲು ತೆಗೆದುಕೊಂಡು ಹೊರಟರು.

"ಹೊದ್ಸಿದ್ದೂ ನಾನೇ, ಕಟ್ಟೋದೂ ನಾನೇ. ಬೀಳಬಾರ್ದು ನೋಡು."

"ಭಾಷಣ ಬೇಡ ರೀ."

"ಇಲ್ಲಮ್ಮ, ಮೊಳೆ ಮಾತ್ರ."

ಈಗ ಅಲ್ಲಿ ಮೊಳೆ ಹೊಡೆಯುವ ಸದ್ದು ಕೇಳಿಸುತ್ತಿದೆ. ನಿಂತಿತು. ವರ್ನಾ ಬೇಲಿಯಿಂದ ಕೂಗುತ್ತಿದ್ದಾಳೆ. ಕನ್ನಡಕ ಎಲ್ಲಿಟ್ಟೆ… ಸಿಕ್ಕಿತು. ಇವತ್ತು ಎದುರು ಓದುವ ಜಡ್ಜು ನಾನು. ಮಾತೆಲ್ಲ ಅವಳದು. ಬಂದೆ ವರ್ನಾ —