ಆಸಿಡ್ ಅಂತ ಬರೆದ ಬಾಟ್ಲಿ

ಅಪ್ಪಾಜಿ,

ಬುಟ್ಟ್ಯಾಗ ರೊಟ್ಟಿ ಅದಾವ. ಝುಣಕ ಬಿಸಿ ಮಾಡ್ಕೊಂಡು ಉಣ್ರಿ.

ವಿನೆಗರ್ ಬಾಟ್ಲಿಗೆ ‘ಎಥನೋಯಿಕ್ ಆಸಿಡ್’ ಅಂತ ಚೀಟಿ ಹಚ್ಚಿದ್ದು ನಾ ಕೆಮಿಸ್ಟ್ರಿ ಹೆಸರು ಕಲಿಯಾಕ. ಅದನ್ನ ಓದಿ, ಊಟಕ್ಕ ಬಂದಿದ್ದ ಶಂಭುಕಾಕಾ “ಆಸಿಡ್ ಉಣಸ್ತೀರೇನು?” ಅಂತ ತಾಟು ಬಿಟ್ಟು ಎದ್ದರ ನನ್ನ ತಪ್ಪೇನ್ರಿ? ಅಷ್ಟಕ್ಕ ನೀವು ಅಡಗಿಮನಿ ಚೀಟಿ ಎಲ್ಲಾ ಕಿತ್ತು, “ಕೆಮಿಸ್ಟ್ರಿ ಸಾಕು, ಕಾಮರ್ಸಿಗೆ ಸೇರು” ಅಂದ್ರಿ.

ಸೇರೂದಿಲ್ಲರಿ. ಫೇಲಾದ ಕೆಮಿಸ್ಟ್ರಿನ ಮತ್ತ ಬರಿಯಾಕ ಹೊಂಟೇನಿ. ನೀವು ಕಾಲೇಜಿಗೆ ಬಂದು ‘ಕಾಮರ್ಸಿಗೆ ಹಾಕ್ರಿ’ ಅಂತ ಯಾರಿಗೂ ಹೇಳಬ್ಯಾಡ್ರಿ.

ಚೀಟಿ ತಿರುಗಿ ಹಚ್ಚಿಲ್ಲ. ನಿಮಗ ಅಂಜಿ ಅಲ್ಲ. ಸ್ಯಾನಿಟೈಸರ್ ನೋಡಿದರ ಆಲ್ಕೊಹಾಲ್, ಉಗುರಬಣ್ಣ ಒರಸೂದು ನೋಡಿದರ ಕೀಟೋನ್ ಅಂತ ಈಗ ಬಾಯಿಗೆ ತಾನ ಬರ್ತದ. ಎಲ್ಲಾ ಹೆಸರೂ ತಲ್ಯಾಗ ಅಂಟ್ಯಾವ. ಅಲ್ಲಿಂದ ಹೆಂಗ ಕೀಳ್ತೀರಿ?

ಐಶ್ವರ್ಯಾ