ಮೂವತ್ತನಾಲ್ಕಕ್ಕೆ ಎರಡು ಕೂಡಿದರೆ

ಜೂನ್ 3, ಸೋಮವಾರ

‘ಹೆಸರಿಟ್ಟ ಮೇಲೆ ಯಾವುದೂ ಕಳೆದುಹೋಗದು...’ ಎಲ್ಲಿ ಓದಿದ ಸಾಲು? ಮುಂದಿನದು ನೆನಪಾಗುತ್ತಿಲ್ಲ. ಸುಳ್ಳೆಂದು ಮಾತ್ರ ಇವತ್ತು ಗೊತ್ತಾಯಿತು. ಕಂಪ್ಯೂಟರಿನ ಪೈಥಾನ್ ಭಾಷೆಯ ಕ್ಲಾಸಿನಲ್ಲಿ ‘ಬೆಳಕು’ ಎಂಬ ವೇರಿಯಬಲ್, ಅಂದರೆ ಅಂಕಿ ಇಡಲು ಹೆಸರಿನ ಡಬ್ಬಿ, ಮಾಡಿ 12 ಇಟ್ಟೆ. ಎರಡು ಸಾಲು ಬಿಟ್ಟು, ಮರೆತು, ಅದೇ ಹೆಸರಿಗೆ 7 ಇಟ್ಟೆ. ಹನ್ನೆರಡು ಹೋಯಿತು. ಸದ್ದಿಲ್ಲ, ಗುರುತಿಲ್ಲ.

ಮೇಷ್ಟ್ರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಬಗ್ಗಿ ನೋಡಿದರು. ‘ಬೆಳಕು, ನೆರಳು, ಮೌನ... ಮೇಡಂ, ಇದ್ರಲ್ಲಿ ಪುಸ್ತಕಗಳ ಸಂಖ್ಯೆ ಯಾವುದು?’

‘ಮೌನ,’ ಎಂದೆ.

ಇಡೀ ಕ್ಲಾಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ಟೇಪು.

ಟೇಪು ಪಕ್ಕದ ಮನೆಯವಳು. ಬಟ್ಟೆ ಹೊಲಿಯುತ್ತಾಳೆ. ಕತ್ತಿನಲ್ಲಿ ಸದಾ ಅಳತೆಯ ಟೇಪು, ಅದಕ್ಕೇ ಈ ಡೈರಿಯಲ್ಲಿ ಆ ಹೆಸರು. ಓದಿದ್ದು ಹತ್ತನೆಯ ತರಗತಿ. ಅವಳ ವೇರಿಯಬಲ್‌ಗಳು: ಸೊಂಟ, ಭುಜ, ತೋಳು. ‘ನೋಡಿ, ಹೆಸರು ಅಂದ್ರೆ ಹೀಗಿರಬೇಕು,’ ಎಂದರು ಮೇಷ್ಟ್ರು.

ಒಬ್ಬಳೇ ನಡೆದುಹೋಗಲು ಬೇಜಾರೆಂದು ಅವಳನ್ನು ಎಳೆದುಕೊಂಡು ಹೋದವಳು ನಾನೇ.

ಜೂನ್ 5, ಬುಧವಾರ

ಸಾಲಿನ ಮುಂದೆ ನಾಲ್ಕು ಜಾಗ ಬಿಡುವುದನ್ನು ಮರೆತೆ. ಪರದೆಯ ತುಂಬ ಕೆಂಪು ಅಕ್ಷರದಲ್ಲಿ ತಪ್ಪು, ತಪ್ಪು. ಮನೆಯಲ್ಲಿ ಹೇಳಿದರೆ ಇವರು, ‘ಎಂ.ಎ. ಮಾಡಿದೀಯ, ಜಾಗ ಬಿಟ್ಟು ಬರೆಯೋಕೆ ಬರಲ್ವೇನೇ?’

‘ನೀವು ಸೋಫಾದಲ್ಲಿ ಸ್ವಲ್ಪ ಜಾಗ ಬಿಡಿ ಮೊದಲು,’ ಎಂದೆ. ನಕ್ಕರು. ನನಗೆ ನಗು ಬರಲಿಲ್ಲ.

ಲೈಬ್ರರಿಯಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ. ಈಗ ಕ್ಯಾಟಲಾಗು ಕಂಪ್ಯೂಟರಿಗೆ ಹೋಗುತ್ತಿದೆ. ಕಾಯಂ ಹುದ್ದೆ ಒಂದೇ. ಅರ್ಜಿ ಹಾಕಿದವರಲ್ಲಿ ಈ ಸಂಜೆ ಕ್ಲಾಸಿನ ಪರೀಕ್ಷೆಯಲ್ಲಿ ಯಾರು ಮೊದಲೋ ಅವರಿಗೆ. ಇಲ್ಲಿಯವರೆಗೆ ಅರ್ಜಿ ಹಾಕಿದವಳು ನಾನೊಬ್ಬಳೇ.

ಜೂನ್ 14, ಶುಕ್ರವಾರ

ಒಂಬತ್ತು ದಿನ ಬರೆಯಲಿಲ್ಲ. ಬರೆದಿದ್ದರೆ ಬರೀ ಟೇಪುವಿನ ಹೆಸರೇ ಇರುತ್ತಿತ್ತು.

ದಾರಿಯಲ್ಲಿ ಕೇಳಿದಳು. ‘ಅಕ್ಕಾ, ಮೇಷ್ಟ್ರು ನಂಗೂ ಅರ್ಜಿ ಹಾಕು ಅಂದ್ರು. ಹಾಕ್ಲಾ? ನೀವು ಬೇಡ ಅಂದ್ರೆ ಬಿಟ್ಬಿಡ್ತೀನಿ.’

‘ನಾನ್ಯಾಕೆ ಬೇಡ ಅನ್ಲಿ? ಹಾಕು.’

ಎಷ್ಟು ಸಲೀಸಾಗಿ ಬಂತು ಮಾತು! ರಾತ್ರಿಯ ಅನ್ನ ಸೀದುಹೋಯಿತು. ಕವಿತೆಯ ಪುಸ್ತಕ ತೆರೆದೆ. ನಾಲ್ಕು ಸಾಲು. ಮುಚ್ಚಿದೆ. ಇಷ್ಟು ವರ್ಷ ಓದಿದ್ದು ಯಾವುದಕ್ಕೆ?

ಜೂನ್ 22, ಶನಿವಾರ

ಸೋಮವಾರ ಪರೀಕ್ಷೆ. ಸಂಜೆ ಟೇಪು ನೋಟ್‌ಬುಕ್ ಹಿಡಿದು ಬಂದಳು. ಇಷ್ಟು ದಿನ ಅಳತೆಗಳನ್ನು ಪ್ರೋಗ್ರಾಮಿನಲ್ಲೇ ಬರೆದಿಡುತ್ತಿದ್ದಳು. ಈಗ ಪ್ರೋಗ್ರಾಮೇ ಅಳತೆ ಕೇಳಿ, ಕೀಬೋರ್ಡಿನಲ್ಲಿ ಒತ್ತಿದ್ದನ್ನು ಪಡೆಯುವ ಹಾಗೆ ಮಾಡಿದ್ದಾಳೆ.

‘ಅಕ್ಕಾ, ಸೊಂಟ ಮೂವತ್ನಾಕು ಇಂಚು, ಸಡಿಲ ಇರ್ಲಿ ಅಂತ ಲೂಸು ಎರಡು. ಕೂಡು ಅಂದ್ರೆ ಮುನ್ನೂರ ನಲವತ್ತೆರಡು ಅನ್ನತ್ತೆ! ಆನೆಗೆ ಲಂಗ ಹೊಲಿಯೋದಾ ನಾನು? ಯಾಕೆ ಹೀಗಾಗತ್ತೆ?’

ನನಗೆ ಗೊತ್ತಿತ್ತು. ಕೀಬೋರ್ಡಿನಿಂದ ಬಂದದ್ದನ್ನು ಅದು ಅಂಕಿ ಎಂದುಕೊಳ್ಳುವುದಿಲ್ಲ, ಅಕ್ಷರ ಎಂದುಕೊಳ್ಳುತ್ತದೆ. ಒಂದರ ಪಕ್ಕ ಒಂದನ್ನು ಅಂಟಿಸಿಬಿಡುತ್ತದೆ. ಮೊದಲು ಅದನ್ನು ಅಂಕಿಯಾಗಿ ಬದಲಾಯಿಸಬೇಕು. ಒಂದೇ ಒಂದು ಪದ. ಹೋದ ವಾರ ಪುಸ್ತಕಗಳ ಲೆಕ್ಕದಲ್ಲಿ ಇದೇ ಗುಂಡಿಗೆ ಬಿದ್ದು ಎರಡು ದಿನ ಒದ್ದಾಡಿ ಎದ್ದವಳು ನಾನು. ಕ್ಲಾಸಿನಲ್ಲಿ ಮೇಷ್ಟ್ರು ಇನ್ನೂ ಹೇಳಿಲ್ಲ.

‘ನಂಗೂ ಗೊತ್ತಿಲ್ಲ ಕಣೇ,’ ಎಂದೆ.

‘ನಿಮಗೂನಾ?’ ಎಂದಳು. ನನ್ನ ಮುಖವನ್ನೇ ನೋಡಿದಳು. ನಾನು ಹಾಲು ಉಕ್ಕುತ್ತದೆಂದು ಅಡುಗೆಮನೆಗೆ ಹೋದೆ. ಒಲೆ ಹಚ್ಚಿರಲೇ ಇಲ್ಲ.

ಜೂನ್ 23, ಭಾನುವಾರ. ಬೆಳಗ್ಗೆ 8

ಹೋಗಿ ಹೇಳಿಬಿಡಲೇ? ಏನಂತ? ‘ಈಗ ನೆನಪಾಯ್ತು’ ಅಂತಲೇ? ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದಿಲ್ಲ. ಭಾನುವಾರ ಇಷ್ಟು ಹೊತ್ತಿಗೆ ಶುರುವಾಗಿರುತ್ತಿತ್ತು. ಸೋತು ಕೂತಿದ್ದಾಳೆಯೇ? ಹಾಗೆ ಅಂದುಕೊಂಡಾಗ ಸಮಾಧಾನವಾಯಿತು. ಬರೆದಿಡುತ್ತೇನೆ — ಸಮಾಧಾನವೇ ಆಯಿತು.

11 ಗಂಟೆ

ಬೆಲ್ಲು. ಬಾಗಿಲಲ್ಲಿ ಟೇಪು. ಕತ್ತು ಖಾಲಿ, ಕೈಯಲ್ಲಿ ಅದೇ ನೋಟ್‌ಬುಕ್. ಒಳಗೆ ಕರೆಯುವಷ್ಟೂ ಪುರುಸೊತ್ತು ಕೊಡಲಿಲ್ಲ.

‘ಅಕ್ಕಾ, ಸಿಕ್ತು! ನಿಮಗೇ ಗೊತ್ತಿಲ್ಲ ಅಂದ್ಮೇಲೆ ನಂಗೆ ಬರದೇ ಇರೋದೇನೂ ಅವಮಾನ ಅಲ್ಲ ಅನ್ನಿಸ್ತು. ಧೈರ್ಯ ಮಾಡಿ ಬೆಳಗ್ಗೆಯಿಂದ ಫೋನಲ್ಲೇ ಮಾಡಿ ನೋಡ್ತಾ ಕೂತೆ... ನಾಳೆ ಇದೇ ಬಂದ್ರೆ ನೀವು ಒದ್ದಾಡಬಾರದಲ್ಲ. ಬನ್ನಿ, ಹೇಳ್ಕೊಡ್ತೀನಿ—’