ಅಜ್ಜಿಯ ಕಾರಿಗೆ ಜೋಡಿ ಸಾಲಿನ ಚೈನು

ಹಿತ್ತಲ ಶೆಡ್ಡಿನಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಜ್ಜೀ,

ಆಪರೇಷನ್ ಆದ ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದ ದಿನವೇ ಅತ್ತೆಯ ಮನೆಯ ಗೋಡೆಯಲ್ಲಿ ಬಿರುಕು ಕಂಡುಹಿಡಿದೆಯಂತೆ. ಗುಣವಾಗಿದೆ ಎಂದೇ ಅರ್ಥ. ಹನಿ ಔಷಧಿ ಹಾಕುವಾಗ ಅತ್ತೆಯನ್ನು ಬೈಯಬೇಡ. ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ನೀನೇ ಓದಿಕೋ.

ಇನ್ನು ನಿನ್ನ ಕಾರಿನ ಸಮಾಚಾರ. ನೀನು ಗ್ರೀಸಣ್ಣ ಎಂದು ಹೆಸರಿಟ್ಟ ನಮ್ಮ ಮೆಕ್ಯಾನಿಕ್ಕು ಇಂಜಿನ್ನಿನ ಮುಂದಿನ ಮುಚ್ಚಳ ಬಿಚ್ಚಿದ. ಒಳಗಿನ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈಮಿಂಗ್ ಚೈನು ಜೋತು ಬಿದ್ದಿತ್ತು. ದೊಡ್ಡ ಚಕ್ರದ ನೈಲಾನ್ ಹಲ್ಲುಗಳಲ್ಲಿ ಮೂರು ಉದುರಿ ಕೆಳಗೆ ಎಣ್ಣೆಯಲ್ಲಿ ಬಿದ್ದಿದ್ದವು. “ನಿಮ್ಮಜ್ಜಿ ಹಲ್ಲು ಎಲ್ಲಾ ಗಟ್ಟಿ, ಕಾರಿಂದೇ ಹೋಗಿದೆ ನೋಡು” ಅಂದ. ಚೈನು, ಚಕ್ರ ಎಲ್ಲ ಸೆಟ್ಟಾಗಿಯೇ ಬದಲಾಯಿಸಬೇಕಂತೆ. ಆರಿಸುವ ಕೆಲಸ ನಿನ್ನದು ಎಂದು ನನ್ನನ್ನು ಬಿಡಿಭಾಗದ ಅಂಗಡಿಗೆ ಅಟ್ಟಿದ. ನನಗೋ ನೀನು ಹೊರಡುವಾಗ ಹೇಳಿದ್ದೇ ಕಿವಿಯಲ್ಲಿ: “ನನ್ ಕಾರು ಮೊದಲಿನ ಹಾಗೇ ಸದ್ದಿಲ್ದೆ ಓಡ್ಬೇಕು. ಗುರ್ ಅಂದ್ರೆ ನಾನು ಹತ್ತೋದೇ ಇಲ್ಲ.”

ನನ್ನ ಸಂಕೋಚ ನಿನಗೆ ಗೊತ್ತಲ್ಲ. ಅಷ್ಟು ಜನರ ನಡುವೆ ಬಾಯಿ ಬಿಡಬೇಕಾದೀತೆಂದು ಮನೆಯಲ್ಲೇ ಎರಡು ಪುಟ ಬರೆದು ಒಯ್ದೆ. ಕಾರು ಯಾವಾಗ ಬಂತು, ಯಾವ ಏರುದಾರಿಯಲ್ಲಿ ಮುನಿಸಿಕೊಂಡಿತು, ಕೊನೆಗೆ ಹೇಗೆ ನಿಟ್ಟುಸಿರುಬಿಟ್ಟು ನಿಂತಿತು, ಎಲ್ಲ. ಅಂಗಡಿಯ ಯಜಮಾನರು ಕನ್ನಡಕ ಏರಿಸಿ ಅದನ್ನು ಗಟ್ಟಿಯಾಗಿ ಓದಿದರು! ಪ್ಲಗ್ಗು ಕೊಳ್ಳಲು ಬಂದವನೊಬ್ಬ ಚಿಲ್ಲರೆ ಮರೆತು ಕೇಳುತ್ತ ನಿಂತ. ಓದಿ ಮುಗಿಸಿ, “ತುಂಬಾ ಚೆನ್ನಾಗಿ ಬರ್ದಿದ್ದೀಯಮ್ಮ. ಇಂಜಿನ್ ನಂಬರ್ ಒಂದು ಬಿಟ್ಟು ಎಲ್ಲಾ ಇದೆ” ಅಂದರು. ಮನೆಗೆ ಓಡಿ, ಇಂಜಿನ್ನಿನ ಮಗ್ಗುಲು ಒರೆಸಿ ನಂಬರು ಬರೆದುಕೊಂಡು ಬಂದೆ. ಈ ಸಲ ಬಾಯಲ್ಲೇ ಹೇಳಿದೆ.

ನಂಬರು ನೋಡಿ ಎರಡು ಸೆಟ್ಟು ಮುಂದಿಟ್ಟರು. ಒಂದು ಹಳೆಯದರಂಥದ್ದೇ: ಒಂಟಿ ಸಾಲಿನ ಚೈನು, ನೈಲಾನ್ ಹಲ್ಲು, ಬೆಕ್ಕಿನ ನಡಿಗೆ. ಇನ್ನೊಂದು ಜೋಡಿ ಸಾಲು, ಪೂರ್ತಿ ಉಕ್ಕು. ಗಟ್ಟಿಮುಟ್ಟು, ಆದರೆ ಸ್ವಲ್ಪ ಗುಂಯ್ ಎನ್ನುತ್ತದಂತೆ. ಅಜ್ಜಿಗೆ ಸದ್ದಾಗಬಾರದು ಅಂದೆ. “ಸರಿ, ಎಷ್ಟು ವರ್ಷ ಓಡ್ಬೇಕು?” ಎಂದು ಕೇಳಿದರು. ಎರಡನ್ನೂ ಕೈಯಲ್ಲಿ ಹಿಡಿದು ತೂಗಿ ನೋಡಿದೆ. ಉಕ್ಕಿನದನ್ನೇ ತಂದೆ.

ನಿನ್ನೆ ಗ್ರೀಸಣ್ಣ ಎರಡು ಚಕ್ರಗಳ ಗುರುತಿನ ಚುಕ್ಕಿಗಳನ್ನು ಎದುರುಬದುರು ತಂದು ಚೈನು ಕೂರಿಸಿದ. ಚುಕ್ಕಿ ತಪ್ಪಿದರೆ ಇಂಜಿನ್ನೇ ಹೋದೀತೆಂದು ಕೈಯಿಂದ ಎರಡು ಸುತ್ತು ತಿರುಗಿಸಿ, ನನ್ನಿಂದಲೂ ನೋಡಿಸಿದ. ಕೀಲಿ ತಿರುಗಿಸಿದೆ. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು! ಅಪ್ಪ ಅರ್ಧ ಬೋಳಿಸಿದ ಗಡ್ಡದ ನೊರೆಯಲ್ಲೇ ಓಡಿ ಬಂದರು. ಗುಂಯ್ ಇದೆ, ಸುಳ್ಳು ಹೇಳುವುದಿಲ್ಲ. ಅಡುಗೆಮನೆಯಲ್ಲಿ ಅಮ್ಮ ತನಗೇ ತಿಳಿಯದೆ ಅದೇ ಶ್ರುತಿಗೆ ಗುನುಗುತ್ತಿದ್ದಳು.

ಅತ್ತೆ ಮಾವ ಇಬ್ಬರನ್ನೂ ಕೇಳಿದೆನೆಂದು ಹೇಳು. ನಿನ್ನ ಎರಡೂ ಕೆನ್ನೆಗೆ ಮುತ್ತು.

ನಿನ್ನ,
ಪುಸ್ತಕದ ಹುಳು

ತಾ.ಕ.: ಇನ್ನು ಕಾರು ಓಡಿಸಬಾರದೆಂದು ಡಾಕ್ಟರು ಹೇಳಿದ್ದನ್ನು ನೀನು ಮುಚ್ಚಿಟ್ಟೆ, ಅತ್ತೆ ಹೇಳಿಬಿಟ್ಟರು. ಇನ್ನು ವರ್ಷಗಟ್ಟಲೆ ನಾನೇ ಓಡಿಸಬೇಕಲ್ಲ, ಅದಕ್ಕೇ ಬಾಳಿಕೆ ಬರುವುದನ್ನು ಆರಿಸಿದೆ. ಗ್ರೀಸಣ್ಣನ ಗಾಡಿಯಲ್ಲಿ ಗುಟ್ಟಾಗಿ ಡ್ರೈವಿಂಗ್ ಕಲಿತೆ, ಬುಧವಾರ ಲೈಸೆನ್ಸೂ ಬಂತು. ಮುಂದಿನ ಭಾನುವಾರ ನಿನ್ನನ್ನು ಕರೆತರಲು ನಾನೇ ಕಾರು ತರುತ್ತೇನೆ. ಹತ್ತುವುದಿಲ್ಲ ಅನ್ನಬೇಡ ಅಜ್ಜೀ. ಬೈಯುವುದಿದ್ದರೆ ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಬೈಯಿ.